ವಾಲ್ವ್ ಎಲ್ಲಿ ಹೋಯ್ತು ಉಸ್ತಾದ್?

ಹಳೇ ಡೀಸೆಲ್ ಜೀಪಿನಲ್ಲಿ ಲಂಡನ್‌ತನಕ ಹೋಗುವ ಹುಚ್ಚು ಕಲಬುರಗಿಯ ಹುಡುಗರ ತಲೆಗೆ ಹತ್ತಿದರೆ ಮೊದಲ ಖರ್ಚು ಸ್ಟಿಕರಿಗೆ. ಬಾನೆಟ್ ಮೇಲೆ ಜಗತ್ತಿನ ನಕಾಶೆ, ಹಿಂದೆ ‘ಕಲಬುರಗಿ ಟು ಲಂಡನ್’. ಬಾನೆಟ್ ಎತ್ತಿ ಒಳಗೆ ನೋಡುವುದು ಆಮೇಲೆ, ಅದೂ ಹುಮನಾಬಾದ್ ಮುಟ್ಟುವ ಮೊದಲೇ ಹೊಗೆ ಬಂದರೆ.

ನೋಡಿದರೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬೆಚ್ಚಗಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್, ಇರುವುದೇ ಇಲ್ಲ. ಯಾವುದೋ ಮೇ ತಿಂಗಳ 44 ಡಿಗ್ರಿ ಬಿಸಿಲಿಗೆ ಎಂಜಿನ್ ಕಾದಾಗ, ರಿಂಗ್ ರೋಡಿನ ಮೆಕ್ಯಾನಿಕ್ ಉಸ್ತಾದ್ “ಈ ವಾಲ್ವ್ ನಮ್ಮೂರಿಗೆ ಯಾಕ ಬೇಕ್ರಿ?” ಅಂತ ಕಿತ್ತು ಡಬ್ಬಿಗೆ ಎಸೆದಿರುತ್ತಾನೆ. ನಮ್ಮೂರಲ್ಲಿ ಅದು ನಡೆಯುತ್ತದೆ. ಆದರೆ ಮಧ್ಯ ಏಷ್ಯಾ ಸುತ್ತಿ ಹೋದರೆ ಸಿಗುವ ತಜಿಕಿಸ್ತಾನದ ಅಕ್‌ಬೈತಾಲ್ ಘಾಟು 4,655 ಮೀಟರ್ ಎತ್ತರ. ವಾಲ್ವ್ ಇಲ್ಲದಿದ್ದರೆ ನೀರು ಸದಾ ರೇಡಿಯೇಟರ್ ಸುತ್ತಿಯೇ ಬರುತ್ತದೆ, ಅಲ್ಲಿನ ಚಳಿಗೆ ಎಂಜಿನ್ ಸಂಜೆಯಾದರೂ ಬೆಚ್ಚಗಾಗುವುದಿಲ್ಲ. ಥಂಡಿಗೆ ಬಿಳಿ ಹೊಗೆ, ಗಾಳಿ ತೆಳ್ಳಗಾದದ್ದಕ್ಕೆ ಕರಿ ಹೊಗೆ. ಎರಡೂ ಬರುತ್ತಿದ್ದರೆ ಜೀಪು ಘಾಟು ಹತ್ತುತ್ತಿದೆ ಅಂತ ಅರ್ಥ.

ಹೊಸ ವಾಲ್ವ್ ತಂದರೆ ಹಾಕುವ ಮುಂಚೆ ಪರೀಕ್ಷೆ ಮಾಡಿ. ಪಾತೇಲಿಯಲ್ಲಿ ನೀರಿಟ್ಟು, ದಾರಕ್ಕೆ ಕಟ್ಟಿ ತಳ ಮುಟ್ಟದಂತೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿಯಿರಿ. ಮೇಲೆ 82 ಅಂತ ಕೊರೆದಿದ್ದರೆ 82ರ ಆಸುಪಾಸಿನಲ್ಲಿ ನಡುವಿನ ತಟ್ಟೆ ಮೆಲ್ಲಗೆ ಬಾಯಿ ಬಿಡಬೇಕು. ಜ್ವರ ನೋಡುವ ಥರ್ಮಾಮೀಟರ್ ಮಾತ್ರ ಬೇಡ; ಅದರ ಲೆಕ್ಕ 42ಕ್ಕೇ ಮುಗಿಯುತ್ತದೆ, ನಮ್ಮೂರ ಮಧ್ಯಾಹ್ನಕ್ಕೂ ಸಾಲದು.

ಇನ್ನು ನೀರು. ರೇಡಿಯೇಟರಿಗೆ ಬೋರ್ ನೀರು ಸುರಿದು ಸುರಿದು ಒಳಗೆಲ್ಲ ಬಿಳಿ ಸುಣ್ಣಗಟ್ಟಿರುತ್ತದೆ, ನಮ್ಮ ಗೀಸರಿನ ಕಾಯಿಲ್‌ ಥರ. ಆ ನೀರು ಚಳಿಗೆ ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಉಬ್ಬಿ ಎಂಜಿನ್ ಬ್ಲಾಕನ್ನೇ ಸೀಳುತ್ತದೆ. ತೊಳೆಸಿ, ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿದರೆ ಮೈನಸ್ 35ರವರೆಗೆ ಚಿಂತೆಯಿಲ್ಲ. ಸೋರಿದರೆ ಅರಿಷಿಣ ಹಾಕುವ ನಮ್ಮ ಮನೆಮದ್ದು ಸಣ್ಣ ತೂತು ಮುಚ್ಚುವುದು ನಿಜ. ಆದರೆ ಯಾವ ತೂತು ಮುಚ್ಚಬೇಕು ಅನ್ನುವುದು ಅರಿಷಿಣಕ್ಕೆ ಗೊತ್ತಿಲ್ಲ; ರೇಡಿಯೇಟರಿನ ನಳಿಗೆಗಳನ್ನೂ ಮುಚ್ಚುತ್ತದೆ. ಡೀಸೆಲ್ ಟ್ಯಾಂಕಿನ ಸೂಜಿ ತೂತಿಗೆ ಬಟ್ಟೆ ಸೋಪು ತಿಕ್ಕುವುದು ಮಾತ್ರ ಪಕ್ಕಾ. ಸೋಪು ಡೀಸೆಲ್‌ಗೆ ಕರಗುವುದಿಲ್ಲ. ಮಳೆಗೆ ಕರಗುತ್ತದೆ, ಅದಕ್ಕೆ ಎರಡು ಬಿಲ್ಲೆ ಇಟ್ಟುಕೊಳ್ಳಿ.

ಹಳೇ ಗಾಡಿಯ ನಿಜವಾದ ಲಾಭ ಕಾಗದದಲ್ಲಿದೆ. ಸುಂಕ ಕಟ್ಟದೆ ಗಾಡಿಯನ್ನು ಸ್ವಲ್ಪ ದಿನಕ್ಕೆ ಬೇರೆ ದೇಶಕ್ಕೆ ಒಯ್ಯಲು ಬೇಕಾದ ಕಾರ್ನೆಟ್ ಎನ್ನುವ ಕಸ್ಟಮ್ಸ್ ಪುಸ್ತಕವನ್ನು ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಕೊಡುತ್ತದೆ. ಅದಕ್ಕಿಡುವ ಜಾಮೀನು ಗಾಡಿಯ ಬೆಲೆಯ ಮೇಲೆ ಲೆಕ್ಕ. ಗುಜರಿಯವನು ಬೆಲೆ ಕಡಿಮೆ ಕಟ್ಟಿದಷ್ಟೂ ಒಳ್ಳೆಯದು! ಒಂದೊಂದು ಹಾಳೆಗೂ ಮೂರು ತುಂಡು: ಒಳಗೆ ಹೋಗುವಾಗ ಒಂದು ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ಒಂದು, ಎರಡೂ ಮುದ್ರೆ ಬಿದ್ದ ಮೂರನೆಯದು ನಿಮ್ಮ ಹತ್ತಿರ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಹೊರಗಿನ ಮುದ್ರೆ ಹಾಕಿಸದೆ ಬಂದರೆ, ಜೀಪು ಆ ದೇಶದಲ್ಲೇ ಇದೆ ಅಂತ ಸುಂಕ ಕೇಳುತ್ತಾರೆ, ನೀವು ಅದರಲ್ಲೇ ಕೂತಿದ್ದರೂ. ಎಂಜಿನ್ ಬದಲಿಸಿ ಆರ್‌ಸಿಯಲ್ಲಿ ಬರೆಸದವರಂತೂ ಆರ್‌ಟಿಒ ಕಚೇರಿಯಿಂದಲೇ ಪ್ರವಾಸ ಶುರುಮಾಡಬೇಕು.

ವಾಘಾ ದಾರಿ ನಂಬುವಂಥದ್ದಲ್ಲವೆಂದು ಮುಂಬೈಯಿಂದ ಹಡಗಿನಲ್ಲಿ ದುಬೈಗೆ ಕಳಿಸುವುದಾದರೆ ಟೇಪು ಹಿಡಿಯಿರಿ. ಮಾಮೂಲಿ 20 ಅಡಿ ಕಂಟೇನರ್ ಬಾಗಿಲ ಎತ್ತರ ಸುಮಾರು 2.28 ಮೀಟರ್. ಕ್ಯಾರಿಯರ್ ಮೇಲೆ ಎರಡು ಸ್ಟೆಪ್ನಿ ಕಟ್ಟಿದ ಜೀಪಿಗೆ ಅಲ್ಲೇ ತಲೆ ತಾಗುತ್ತದೆ. ಬ್ಯಾಟರಿ ವೈರ್ ಬಿಚ್ಚಬೇಕು, ಟ್ಯಾಂಕಿನಲ್ಲಿ ಡೀಸೆಲ್ ಸ್ವಲ್ಪವೇ ಇರಬೇಕು. ಊರು ಬಿಡುವಾಗ ಮಾವ ಪ್ರೀತಿಯಿಂದ ಫುಲ್ ಟ್ಯಾಂಕ್ ಮಾಡಿಸಿರುತ್ತಾನೆ, ಏನು ಮಾಡುವುದು.

ಊಟದ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇರಲಿ. ಗಸಗಸೆ ಬೇಡ, ಯುಎಇಯಲ್ಲಿ ನಿಷೇಧ. ಸಿಕ್ಕಿದರೆ ಮಾದಕವಸ್ತುವಿನ ಕೇಸು. ಮನೆಯಲ್ಲಿ ಕುಟ್ಟಿದ ಮಸಾಲಿ ಖಾರದಲ್ಲೂ ಗಸಗಸೆ ಬಿದ್ದಿರುತ್ತದೆ, ಅದನ್ನು ಹೆಕ್ಕಿ ತೆಗೆಯಲು ಬರುವುದಿಲ್ಲ. ಡಬ್ಬಿ ಊರಲ್ಲೇ ಉಳಿಯಬೇಕು. ಈ ಮಾತನ್ನು ಅವ್ವನಿಗೆ ಯಾರು ಹೇಳುವುದು ಅಂತ ಹೊರಡುವ ಮುಂಚೆ ಚೀಟಿ ಎತ್ತಿಬಿಡಿ.