ನಗುವಿಗೆ ಮಾರ್ಕ್ಸ್ ಹಾಕಲು ಕೂತಾಗ

ಅಳಿಯ ನನಗೊಂದು ಕೆಲಸ ಹಚ್ಚಿ ಹೋಗಿದ್ದಾನೆ. "ಮಾವ, ನೀವು 34 ವರ್ಷ ಪೇಪರ್ ತಿದ್ದಿದವರು. ಇದಕ್ಕೂ ನೂರಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕಿ ಕಳಿಸಿ" ಅಂದ. ಇದು ಅಂದರೆ ಅಮೆರಿಕದ ಒಂದು ನಗೆ ಕಾರ್ಯಕ್ರಮ. 'ಸ್ಯಾಟರ್ಡೇ ನೈಟ್ ಲೈವ್' ಅಂತ ಹೆಸರು. ಅದಕ್ಕೆ 50 ವರ್ಷ ತುಂಬಿತು ಅಂತ, ದೀಪಾವಳಿಗೆ ಬಂದವನು ಅದರ ಮೊಟ್ಟಮೊದಲ ಎಪಿಸೋಡನ್ನು ಲ್ಯಾಪ್‌ಟಾಪ್‌ನಲ್ಲಿ ತುಂಬಿಕೊಂಡು ಬಂದಿದ್ದ. ಬೇರೆಯವರ ಅಳಿಯಂದಿರು ಚಾಕಲೇಟ್ ತರುತ್ತಾರೆ. (ಇವನೂ ತಂದಿದ್ದ, ಸುಳ್ಳು ಹೇಳಬಾರದು.)

ಅವನಿಗೆ ಅದು ತಮಾಷೆಯ ಮಾತು. ನಾನು ಮಾತ್ರ ನಿಜವಾಗಿಯೂ ಕೆಂಪು ಪೆನ್ನು ಹುಡುಕಿಟ್ಟುಕೊಂಡೆ.

ಈ ಶೋ ನ್ಯೂಯಾರ್ಕಿನಲ್ಲಿ ಶನಿವಾರ ರಾತ್ರಿ 11:30ಕ್ಕೆ ಶುರು, ಒಂದೂವರೆ ಗಂಟೆ, ಎಲ್ಲ ನೇರ ಪ್ರಸಾರ. ಆಗ ಚಿಕ್ಕಮಗಳೂರಿನಲ್ಲಿ ಭಾನುವಾರ ಬೆಳಿಗ್ಗೆ 9 ಗಂಟೆ. ಅವರು ಗಡಿಯಾರ ಹಿಂದಕ್ಕೆ ತಿರುಗಿಸಿಕೊಳ್ಳುವ ಚಳಿಗಾಲದಲ್ಲಿ 10. ಅಲ್ಲಿನವರು ನಿದ್ದೆಗೆಟ್ಟು ನಗುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಅಕ್ಕಿರೊಟ್ಟಿ ಕಾವಲಿಯ ಮೇಲಿರುತ್ತದೆ, ಎದುರು ಮನೆಯವರು ಬೈಕ್ ತೊಳೆಯುತ್ತಿರುತ್ತಾರೆ. "ರಾತ್ರಿ ಆ ಹೊತ್ತಲ್ಲೇ ನೋಡಬೇಕು ಮಾವ, ಅರ್ಧ ನಿದ್ದೆಯಲ್ಲಿ ನಗೋ ಮಜಾನೇ ಬೇರೆ. ನಾನು ಒಂದು ವಾರಾನೂ ಬಿಟ್ಟಿಲ್ಲ" ಅಂತ ಅಳಿಯ ಹೇಳಿದ. ನಾನು ನಂಬಿದೆ. ಕೊಪ್ಪದ ಕಡೆ ಹುಟ್ಟಿ, ಗದ್ದೆ ಕೊಯ್ಲಾದ ಮೇಲೆ ಕಂಬಳಿ ಹೊದ್ದು ಬೆಳತನಕ ಬಯಲಾಟ ನೋಡಿದವನಿಗೆ ಅರ್ಧ ನಿದ್ದೆಯ ನಗು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ರಾಜ, ರಾಕ್ಷಸ, ಯುದ್ಧ ಎಲ್ಲ ಮುಗಿದು ಕಣ್ಣು ಎಳೆಯುವ ಹೊತ್ತಿಗೆ ಸರಿಯಾಗಿ ಹಾಸ್ಯಗಾರ ಬರುತ್ತಿದ್ದ. ಬಂದು ಮೊದಲು ಏನೂ ಮಾಡುತ್ತಿರಲಿಲ್ಲ. ಸುಮ್ನೆ ನಿಂತು ಭಾಗವತರ ಮುಖ ನೋಡುತ್ತಿದ್ದ, ಅಷ್ಟೇ. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಸರಿ, ಎಪಿಸೋಡಿಗೆ ಬರೋಣ. ಹಬ್ಬದ ಮಾರನೇ ದಿನ ಸಂಜೆ ಗುಡುಗು ಶುರುವಾಯಿತು. ಕರೆಂಟ್ ಹೋಯಿತು. ಊದಿನಕಡ್ಡಿಯ ಹೊಗೆ, ಮೇಣದ ಬತ್ತಿ, ಮಧ್ಯದಲ್ಲಿ ಬ್ಯಾಟರಿ ಮೇಲೆ ಓಡುವ ಲ್ಯಾಪ್‌ಟಾಪ್. ಅದರ ಮುಂದೆ ನಾನು, ನನ್ನವಳು, ಮಗಳು, ಅಳಿಯ. 1975ರ ಅಕ್ಟೋಬರ್ 11ರ ರಾತ್ರಿ ತೆರೆಯ ಮೇಲೆ ಎದ್ದು ಬಂತು.

ಮೊದಲ ದೃಶ್ಯಕ್ಕೇ ನಾನು ಸೋತೆ. ಯಾಕೆಂದರೆ ಅದು ಇಂಗ್ಲಿಷ್ ಪಾಠ! ಒಬ್ಬ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದಾನೆ. ಬೇರೆ ದೇಶದಿಂದ ಬಂದ ಒಬ್ಬ ದಪ್ಪ ಮನುಷ್ಯ ಕಲಿಯಲು ಬರುತ್ತಾನೆ. ಆ ವೇಷ ಜಾನ್ ಬೆಲುಷಿಯದು. ಪಾಠ ಅಂದರೆ ಮೇಷ್ಟ್ರು ಹೇಳಿದ್ದನ್ನು ಹಾಗೇ ತಿರುಗಿ ಒಪ್ಪಿಸುವುದು. ಆದರೆ ಮೇಷ್ಟ್ರು ಕಲಿಸುವ ವಾಕ್ಯಗಳೋ, ದೇವರಿಗೇ ಪ್ರೀತಿ. ಬಾಯಿ ಬಿಟ್ಟರೆ ವುಲ್ವರೀನ್. ಅದೊಂದು ಚಳಿ ದೇಶದ ಪ್ರಾಣಿ, ನೋಡಲು ಪುಟ್ಟ ಕರಡಿ, ಸಂಬಂಧದಲ್ಲಿ ನಮ್ಮ ಭದ್ರಾ ಹೊಳೆಯ ನೀರುನಾಯಿಗೆ ದಾಯಾದಿ. ನಿನ್ನ ಬೆರಳ ತುದಿಗಳನ್ನು ವುಲ್ವರೀನ್‌ಗಳಿಗೆ ತಿನ್ನಿಸಬೇಕು ಅಂತಿದ್ದೇನೆ ಅನ್ನುವ ಅರ್ಥದ್ದೊಂದು ವಾಕ್ಯ. ಶಿಷ್ಯ ಭಯಭಕ್ತಿಯಿಂದ ಅದನ್ನೇ ಹೇಳುತ್ತಾನೆ. ಆಮೇಲೆ ಮೇಷ್ಟ್ರು ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ನೆಲಕ್ಕೆ ಬೀಳುತ್ತಾನೆ. ಶಿಷ್ಯ ಒಂದು ಕ್ಷಣ ನೋಡುತ್ತಾನೆ. ಇದೂ ಪಾಠವೇ ಇರಬೇಕು ಅಂದುಕೊಂಡು ತಾನೂ ಎದೆ ಹಿಡಿದು ಬೀಳುತ್ತಾನೆ. ಆಗ ತಲೆಗೆ ಹೆಡ್‌ಫೋನ್ ಹಾಕಿಕೊಂಡ ಮತ್ತೊಬ್ಬ, ಚೆವಿ ಚೇಸ್, ಇಣುಕಿ ನೋಡಿ, ಹಲ್ಲು ಬಿಟ್ಟು, ನ್ಯೂಯಾರ್ಕಿನಿಂದ ನೇರವಾಗಿ ಇದು ಶನಿವಾರ ರಾತ್ರಿ ಅಂತ ಸಾರುತ್ತಾನೆ. 50 ವರ್ಷದಿಂದ ಶೋ ಶುರುವಾಗುವುದು ಇದೇ ಮಾತಿನಿಂದಂತೆ.

ನಾನು ನಗಲಿಲ್ಲ. ನನಗೆ ನನ್ನ ಎಂಟನೇ ಕ್ಲಾಸು ಕಂಡಿತು. ಕೊಪ್ಪ ತಾಲ್ಲೂಕಿನ ಸರ್ಕಾರಿ ಹೈಸ್ಕೂಲು, ಜುಲೈ ತಿಂಗಳು, ಹೊರಗೆ ಜಡಿಮಳೆ. ನಾನು ಒಂದೊಂದೇ ಇಂಗ್ಲಿಷ್ ವಾಕ್ಯ ಹೇಳುವುದು, ನಲವತ್ತು ಗಂಟಲು ಅದನ್ನು ತಿರುಗಿ ಕೂಗುವುದು. ಮಧ್ಯೆ ಇರಚಲು ಹೊಡೆದು ನನ್ನ ಪುಸ್ತಕ ತೊಯ್ದಿತು. "ಲೇ, ಕಿಟಕಿ ಹಾಕ್ರೋ" ಅಂದೆ. ನಲವತ್ತು ಜನರೂ ಒಟ್ಟಿಗೆ, ರಾಗವಾಗಿ, "ಲೇ, ಕಿಟಕಿ ಹಾಕ್ರೋ" ಅಂದರು. ಕಿಟಕಿಯನ್ನು ಒಬ್ಬನೂ ಹಾಕಲಿಲ್ಲ. ಅವತ್ತು ನನಗೆ ಸಿಟ್ಟು ಬಂದಿತ್ತು. ಈ ಅಕ್ಟೋಬರಿನಲ್ಲಿ, ಮೇಣದ ಬತ್ತಿಯ ಎದುರು, ದೃಶ್ಯ ಮುಗಿದು ಜಾಹೀರಾತಿನ ಹೊತ್ತಿಗೆ ನಗು ಬಂತು. ಅಳಿಯ ಗಾಬರಿಯಾಗಿ ಲ್ಯಾಪ್‌ಟಾಪ್ ನೋಡಿದ. ಅಲ್ಲಿ ನಗುವಂಥದ್ದೇನೂ ಇರಲಿಲ್ಲ.

ಹೀಗೆ ಶುರುವಿನಲ್ಲೇ ನನ್ನ ವ್ಯಾಲ್ಯುಯೇಷನ್ ದಾರಿ ತಪ್ಪಿತು. ಮಾರ್ಕ್ಸ್ ಹಾಕಬೇಕಾದರೆ ಕೈಯಲ್ಲಿ ಕೀ ಆನ್ಸರ್ ಇರಬೇಕು. ಇಲ್ಲಿ ನಗಬೇಕು, ಇಲ್ಲಿ ಎರಡು ಮಾರ್ಕ್ಸ್, ಅಂತ. ನಗು ಅವರು ಇಟ್ಟ ಜಾಗ ಬಿಟ್ಟು ಬೇರೆ ಕಡೆ ಬಂದರೆ ಅದಕ್ಕೆ ಯಾವ ಲೆಕ್ಕದಲ್ಲಿ ಕೊಡುವುದು?

ಆವತ್ತಿನ ನಿರೂಪಕ ಜಾರ್ಜ್ ಕಾರ್ಲಿನ್. ಸ್ಕಿಟ್ಟುಗಳಲ್ಲಿ ಅವನಿಲ್ಲ, ನಡುನಡುವೆ ಒಬ್ಬನೇ ಬಂದು ನಿಂತು ಮಾತಾಡಿ ಹೋಗುತ್ತಾನೆ. ಬೇಸ್‌ಬಾಲ್ ಆಟದ ಮಾತೆಲ್ಲ ಮೆತ್ತಗೆ, ಅಲ್ಲಿ ಆಟಗಾರ ಮನೆಗೆ ಮರಳುತ್ತಾನೆ. ಅವರ ಫುಟ್‌ಬಾಲಿನ ಮಾತೆಲ್ಲ ಯುದ್ಧದ್ದು. ಹೀಗೆ ಎರಡು ಆಟಗಳ ಪದಗಳನ್ನು ಎದುರುಬದುರು ಇಟ್ಟು ಅವನು ತಮಾಷೆ ಮಾಡಿದ. ಆ ಎರಡು ಆಟವೂ ನನಗೆ ಗೊತ್ತಿಲ್ಲ. ಆದರೂ ಭಾಷೆ ಮೇಷ್ಟ್ರಿಗೆ ರುಚಿಸಿತು. ಹಾಡಿದವರು ಇಬ್ಬರು, ಬಿಲ್ಲಿ ಪ್ರೆಸ್ಟನ್ ಮತ್ತು ಜಾನಿಸ್ ಇಯಾನ್. ಅವರ ಹಾಡು ಬಂದಾಗ ಮಗಳು ಕಾಫಿ ತಂದಳು. ಜೇನುನೊಣದ ವೇಷ ಹಾಕಿದ ಅಪ್ಪಂದಿರು ಹೆರಿಗೆ ಆಸ್ಪತ್ರೆಯಲ್ಲಿ ಕಾಯುತ್ತಾ ಕೂತ ದೃಶ್ಯವೊಂದಿತ್ತು. ಮಗು ಗಂಡೋ ಹೆಣ್ಣೋ ಅಂತಲ್ಲ, ಕೆಲಸದ ನೊಣವೋ ರಾಣಿಯೋ ಅಂತ ನರ್ಸ್ ಹೇಳುತ್ತಾಳೆ. ಒಂದು ಸಲಕ್ಕೆ ಅಡ್ಡಿಯಿಲ್ಲ.

ಆದರೆ ಆ ರೇಜರ್ ಜಾಹೀರಾತು! ಅದು ನಿಜವಾದ ಜಾಹೀರಾತಲ್ಲ, ಅಣಕ. ಆ ಕಾಲಕ್ಕೆ ಅಮೆರಿಕದಲ್ಲಿ ಎರಡು ಬ್ಲೇಡಿನ ರೇಜರ್ ಹೊಸದಾಗಿ ಬಂದು ಜೋರು ಪ್ರಚಾರ ನಡೆದಿತ್ತಂತೆ. ಇವರು ಮೂರು ಬ್ಲೇಡಿನದು ಅಂತ ಒಂದು ಸುಳ್ಳು ಜಾಹೀರಾತು ಮಾಡಿದರು. ಮೊದಲನೆಯದು ಕೂದಲನ್ನು ಎಳೆಯುತ್ತೆ, ಎರಡನೆಯದೂ ಎಳೆಯುತ್ತೆ, ಮೂರನೆಯದು ಕತ್ತರಿಸುತ್ತೆ ಅಂತ ಚಿತ್ರ ಬೇರೆ. ನೀವು ಏನು ಹೇಳಿದರೂ ನಂಬುವವರು ಅನ್ನುವ ಧಾಟಿಯಲ್ಲಿ ಅದು ಮುಗಿಯುತ್ತದೆ. ಮೂರು ಬ್ಲೇಡು, ಎಂಥ ಹುಚ್ಚುತನ ಅಂತ ಆ ಜನ ನಗುತ್ತಿದ್ದಾರೆ. ನಾವು ನಾಲ್ವರೂ ಬೆಪ್ಪಾಗಿ ಕೂತಿದ್ದೆವು. ಇದರಲ್ಲಿ ಜೋಕು ಎಲ್ಲಿದೆ? 1998ರಲ್ಲಿ ಜಿಲೆಟ್ ಕಂಪನಿ ಮೂರು ಬ್ಲೇಡಿನದನ್ನು ನಿಜವಾಗಿಯೂ ಮಾರುಕಟ್ಟೆಗೆ ಬಿಟ್ಟಿತಲ್ಲ. ನಾನು ಟಾರ್ಚ್ ಹಿಡಿದು ಬಚ್ಚಲಮನೆಗೆ ಹೋಗಿ ಅಳಿಯನ ರೇಜರ್ ತಂದು ಎಣಿಸಿದೆ. ಐದು. ಮನೆಯಲ್ಲಿ ಆ ಸಂಜೆಯ ಅತಿ ದೊಡ್ಡ ನಗು ಅದು. ನಕ್ಕವರಲ್ಲಿ ಅಳಿಯ ಇರಲಿಲ್ಲ.

ಸುದ್ದಿ ಓದುವ ಅಣಕವೂ ಆ ಮೊದಲ ರಾತ್ರಿಯೇ ಶುರುವಾದದ್ದು. ಓದುವವನು ಅದೇ ಚೆವಿ ಚೇಸ್. ಅಳಿಯ ಪ್ರತಿ ವಾಕ್ಯಕ್ಕೂ ನಿಲ್ಲಿಸಿ, ಇವರು ಯಾರು, ಆಗ ಏನಾಗಿತ್ತು, ಅಂತ ವಿವರಿಸಿದ. ಪಾಪ, ಒಳ್ಳೆಯ ಹುಡುಗ. ಆದರೆ ಅದು ಎರಡು ಸಲ ಕಾಯಿಸಿದ ಕಾಫಿ ಇದ್ದ ಹಾಗೆ. ಚಿಕ್ಕಮಗಳೂರಿನಲ್ಲಿ ಅದನ್ನು ಯಾರಿಗೂ ಕೊಡಬಾರದು.

ನನ್ನ ಮನಸ್ಸು ಬೇರೆ ಲೆಕ್ಕ ಹಾಕುತ್ತಿತ್ತು. ಅವರ ಶನಿವಾರ ರಾತ್ರಿ ಅಂದರೆ ನಮಗೆ 1975ರ ಅಕ್ಟೋಬರ್ 12, ಭಾನುವಾರ ಬೆಳಿಗ್ಗೆ. ಆಗ ನನಗೆ 16. ತುರ್ತು ಪರಿಸ್ಥಿತಿ ಬಂದು ಮೂರೂವರೆ ತಿಂಗಳಾಗಿತ್ತು, ಪತ್ರಿಕೆಗಳಿಗೆ ಸೆನ್ಸಾರ್. ನಮ್ಮೂರಿನ ಅಂಗಡಿ ಕಟ್ಟೆಯಲ್ಲಿ ದೊಡ್ಡವರು ದೆಹಲಿಯ ಹೆಸರೆತ್ತುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು. ಅಲ್ಲಿ ಈ ಚೇಸ್ ಆಮೇಲಿನ ವಾರಗಳಲ್ಲಿ ಅಧ್ಯಕ್ಷ ಫೋರ್ಡ್ ವೇಷ ಹಾಕಿ, ಎಡವಿ ಬಿದ್ದು, ಎಡವಿ ಬಿದ್ದು ಹೆಸರು ಮಾಡಿದ. 1976ರ ಏಪ್ರಿಲ್‌ನಲ್ಲಿ ಅಧ್ಯಕ್ಷರ ಪತ್ರಿಕಾ ಕಾರ್ಯದರ್ಶಿಯೇ ಬಂದು ಆ ಶೋ ನಡೆಸಿಕೊಟ್ಟರು. ಫೋರ್ಡ್ ಕೂಡ ರೆಕಾರ್ಡ್ ಮಾಡಿಸಿದ ಒಂದು ತುಣುಕಿನಲ್ಲಿ ಬಂದು ಆ ಶನಿವಾರದ ಮಾತನ್ನು ಹೇಳಿದರು. ಇದನ್ನು ಕೇಳಿ ನನ್ನವಳು, "ಬಿದ್ದವರೇ ಬಂದು ನಕ್ಕರಾ?" ಅಂದಳು.

ನಮ್ಮೂರಿಗೂ ಒಂದು ಸರದಿ ಬಂತು ಅನ್ನಿ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಇಲ್ಲಿಂದಲೇ ಉಪಚುನಾವಣೆಗೆ ನಿಂತರು, ಎದುರಿಗೆ ವೀರೇಂದ್ರ ಪಾಟೀಲ್. ಒಂದು ಸಿಂಹಿಣಿ, ನೂರು ಲಂಗೂರ್, ಚಿಕ್ಕಮಗಳೂರ್ ಭಾಯಿ ಚಿಕ್ಕಮಗಳೂರ್ ಅಂತ ಹಿಂದಿಯಲ್ಲಿ ಪ್ರಾಸದ ಘೋಷಣೆ. ನಾನಾಗ ಕಾಲೇಜು ಹುಡುಗ. ಊರಲ್ಲಿ ಹಿಂದಿ ಬಲ್ಲವರೇ ಕಮ್ಮಿ. ಲಂಗೂರ್ ಅಂದರೆ ಮುಸಿಯ ಅಂತ ಗೊತ್ತಾದ ಮೇಲೆ ತೋಟದವರೊಬ್ಬರು ತುಂಬಾ ಗಂಭೀರವಾಗಿ, "ನೂರೇನಾ? ನಮ್ಮ ಒಂದೇ ತೋಟದಲ್ಲಿ ಅದಕ್ಕಿಂತ ಜಾಸ್ತಿ ಇದಾವೆ" ಅಂದಿದ್ದರು. ಇದಕ್ಕೆ ಸ್ಕ್ರಿಪ್ಟ್ ಬೇಕಾ?

ಸ್ಕ್ರಿಪ್ಟ್ ಅಂದೆನಲ್ಲ, ಅಲ್ಲಿ ಪ್ರತಿ ಮಾತೂ ಬರೆದದ್ದೇ. ನಟರ ಕಣ್ಣು ಆಗಾಗ ಪಕ್ಕಕ್ಕೆ ಹೊರಳುವುದನ್ನು ನಾನು ಹಿಡಿದೆ. ಕಾಪಿ ಹೊಡೆಯುವವನ ಕಣ್ಣು ನನಗೆ ಗೊತ್ತಾಗದೆ ಇರುತ್ತದೆಯೇ. ಕ್ಯಾಮೆರಾ ಪಕ್ಕದಲ್ಲಿ ದೊಡ್ಡ ರಟ್ಟಿನ ಮೇಲೆ ಬರೆದು ಹಿಡಿದಿರುತ್ತಾರೆ, ಕೊನೇ ನಿಮಿಷದ ತನಕ ಮಾತು ಬದಲಾಗುತ್ತಲೇ ಇರುತ್ತದೆ ಅಂತ ಅಳಿಯ ಹೇಳಿದ. ಸೋಮವಾರ ಖಾಲಿ ಕೈ. ಮಂಗಳವಾರ ರಾತ್ರಿಯೆಲ್ಲ ಕೂತು ಬರೆಯುವುದು. ಬುಧವಾರ ಎಲ್ಲರೂ ಮೇಜಿನ ಸುತ್ತ ಕೂತು ಓದುವುದು. ಶನಿವಾರ ಸಂಜೆ ಬೇರೆ ಪ್ರೇಕ್ಷಕರ ಮುಂದೆ ಪೂರ್ತಿ ಆಡಿ ನೋಡಿ, ನಗು ಬರದ್ದನ್ನು ಕಿತ್ತೆಸೆದು, ಉಳಿದದ್ದನ್ನು ರಾತ್ರಿ ಆಡುವುದು. ಶೋ ಕಟ್ಟಿದ ಲಾರ್ನ್ ಮೈಕೆಲ್ಸ್ ಹೇಳುವಂತೆ, ತಯಾರಾಗಿದೆ ಅಂತ ಅದು ಶುರುವಾಗುವುದಿಲ್ಲ, ಹನ್ನೊಂದೂವರೆ ಆಯಿತು ಅಂತ ಶುರುವಾಗುತ್ತದೆ.

ಇಷ್ಟು ಕೇಳಿದ ಮೇಲೆ ಸಪ್ಪೆಯಾದ ಸ್ಕಿಟ್ಟುಗಳ ಮೇಲೆ ನನಗೆ ಮೃದು ಭಾವನೆ ಹುಟ್ಟಿತು. ಸ್ಕೂಲ್ ಡೇಗೆ ನಾನು ಮಾಡಿಸಿದ ಪ್ರಹಸನಗಳು ಒಂದೆರಡಲ್ಲ. ಮುಖ್ಯ ಅತಿಥಿಗಳ ಭಾಷಣ ಮುಗಿಯುವ ಹೊತ್ತಿಗೆ ಕೊನೇ ಬಸ್ಸಿನ ಸಮಯವಾಗಿರುತ್ತಿತ್ತು. ಅರ್ಧ ಆಟ ಕತ್ತರಿಸಬೇಕು. ಒಂದು ವರ್ಷ ಯಮಧರ್ಮರಾಯನ ವೇಷದ ಹುಡುಗನ ಮಾತೆಲ್ಲ ಕತ್ತರಿಸಿಹೋಗಿ, ಅವನು ಗದೆ ಹಿಡಿದು ಬಂದು, ನಿಂತು, ಹೋದ. ಅವನ ಅಮ್ಮ ಅದಕ್ಕೂ ಚಪ್ಪಾಳೆ ತಟ್ಟಿದರು.

ಇನ್ನು ಆಂಡಿ ಕಾಫ್‌ಮನ್. ಇದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ವೇದಿಕೆ ಮೇಲೆ ಒಂದು ರೆಕಾರ್ಡ್ ಪ್ಲೇಯರ್, ಪಕ್ಕದಲ್ಲಿ ಈ ಹುಡುಗ, ಕೈ ಎಲ್ಲಿಡಬೇಕು ಅಂತ ಗೊತ್ತಾಗದವನ ಹಾಗೆ. ಮಕ್ಕಳ ಕಾರ್ಟೂನಿನ ಹಾಡು ಶುರುವಾಗುತ್ತದೆ, ಮೈಟಿ ಮೌಸ್ ಅನ್ನುವ ಶೂರ ಇಲಿಯದು. ಅವನು ಹಾಡುವುದಿಲ್ಲ. ಸುಮ್ನೆ ಕಾಯುತ್ತಾನೆ. ಕಣ್ಣು ಪಿಳಿಪಿಳಿ. ಕಾಪಾಡಲು ನಾನು ಬಂದೆ ಅಂತ ಇಲಿ ಹೇಳುವ ಒಂದೇ ಒಂದು ಸಾಲು ಬಂದಾಗ ಮಾತ್ರ ಕೈಯೆತ್ತಿ, ಎದೆಯುಬ್ಬಿಸಿ, ಬಾಯಿ ಆಡಿಸುತ್ತಾನೆ. ಸಾಲು ಮುಗಿಯಿತು, ಮತ್ತೆ ಕಾಯುವುದು. ಒಮ್ಮೆ ಬೇಗ ಬಾಯಿ ತೆರೆದು ತಪ್ಪಿ, ಮುಚ್ಚಿಕೊಳ್ಳುತ್ತಾನೆ. ಮಧ್ಯೆ ನೀರು ಕುಡಿಯುತ್ತಾನೆ. ಅಷ್ಟೇ ಐಟಂ.

ನನ್ನವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಲ್ಲಿ ತನಕ ಹೂಬತ್ತಿ ಹೊಸೆಯುತ್ತಾ ಕೂತಿದ್ದವಳು ಬತ್ತಿ ಕೆಳಗಿಟ್ಟಳು. ಅವನು ಕಾಯುವಾಗ ಇವಳಿಗೆ ನಗು. ಸಾಲು ಹೇಳುವಾಗಲ್ಲ, ಕಾಯುವಾಗ! ಕಣ್ಣಲ್ಲಿ ನೀರು ಬರುವಷ್ಟು. "ನಮ್ಮ ದೊಡ್ಡಪ್ಪ ಹೀಗೇ ಕಣೇ" ಅಂದಳು ಮಗಳಿಗೆ. "ಆರತಿ ಹಾಡಿನಲ್ಲಿ ಅವರಿಗೆ ಬರ್ತಿದ್ದದ್ದು 'ಜಯ ಮಂಗಳಂ' ಒಂದೇ. ಹೆಂಗಸರು ನಾಲ್ಕು ನುಡಿ ಹಾಡೋ ತನಕ ಬಾಗಿಲ ಹತ್ತಿರ ನಿಂತು ಕಾಯೋರು, ಆಮೇಲೆ ಊರಿಗೆಲ್ಲ ಕೇಳೋ ಹಾಗೆ ಅದೊಂದನ್ನ ಹಾಡೋರು." ನನಗೆ ಕಂಬಳಿ ಹೊದ್ದ ರಾತ್ರಿ, ಭಾಗವತರ ಮುಖ ನೋಡುತ್ತಾ ನಿಂತ ಹಾಸ್ಯಗಾರ ನೆನಪಾದ. ಅಳಿಯ ಏನೋ ವಿವರಿಸಲು ಬಾಯಿ ತೆರೆದ. ಮಗಳು ಅವನ ಕೈ ಅದುಮಿದಳು.

ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ಉಳಿದದ್ದನ್ನು ಮಾರನೇ ಬೆಳಿಗ್ಗೆ ನೋಡಿದೆವು, ಕಡುಬಿನ ಜೊತೆ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಅಥವಾ ಹಗಲಾಗಿತ್ತು, ಅದಕ್ಕಿರಬಹುದು.

ಅವರು ವಾಪಸ್ ಹೋದ ಮೇಲೆ ನಾನು ಶ್ರದ್ಧೆಯಿಂದ ಮಾರ್ಕ್ಸ್ ಹಾಕಿದೆ. ಇಂಗ್ಲಿಷ್ ಪಾಠಕ್ಕೂ ಕಾಫ್‌ಮನ್‌ಗೂ ಪೂರ್ತಿ. ರೇಜರಿಗೆ ಕಾಲಜ್ಞಾನದ ಲೆಕ್ಕದಲ್ಲಿ ಗ್ರೇಸ್ ಮಾರ್ಕ್ಸ್. ಸುದ್ದಿಗೆ ಅಟೆಂಡ್ ಮಾಡಿದ್ದಕ್ಕೆ ಎರಡು. ಕೂಡಿಸಿದರೆ ನೂರಕ್ಕೆ 57 ಬಂತು. ಸೆಕೆಂಡ್ ಕ್ಲಾಸು. ವಾಟ್ಸಾಪ್‌ನಲ್ಲಿ ಕಳಿಸಿದೆ.

ಭಾನುವಾರ ಬೆಳಿಗ್ಗೆ ನಾವು ರೊಟ್ಟಿ ತಿನ್ನುತ್ತಿದ್ದಾಗ ನ್ಯೂಜೆರ್ಸಿಯಿಂದ ಫೋನ್. ಸ್ಪೀಕರ್ ಹಾಕಿದೆ.

"ಮಾವ, 57 ಅನ್ಯಾಯ. ರೀವ್ಯಾಲ್ಯುಯೇಷನ್ ಬೇಕು."

"ಫೀಸ್ ಕಟ್ಟಬೇಕಪ್ಪ. ಮುಂದಿನ ಸಲ ಬಂದಾಗ ಕೊಪ್ಪದ ಕಡೆ ಒಂದು ಪೂರ್ತಿ ರಾತ್ರಿಯ ಆಟ. ತೂಕಡಿಸದೆ ಕೂರಬೇಕು."

"ಅದಕ್ಕೇನು ಮಾವ, ರಾತ್ರಿ ಕೂರೋದು ನಂಗೆ ಅಭ್ಯಾಸ..." ಅಂತ ಅವನು ಶುರು ಮಾಡುವಷ್ಟರಲ್ಲಿ ಹಿಂದಿನಿಂದ ಮಗಳ ದನಿ ಬಂತು. "ಅಪ್ಪ, ಇವರ ಮಾತು ನಂಬಬೇಡ. ಹತ್ತೂವರೆಗೆಲ್ಲ ಗೊರಕೆ. ಇವತ್ತು ಏನೋ ನಿನ್ನ ಜೊತೆ ಜಗಳ ಆಡೋಕೆ ಎದ್ದು ಕೂತಿದಾರೆ. ಆ ಶೋನ ಇವರು ನೋಡೋದು ಭಾನುವಾರ ಬೆಳಿಗ್ಗೆ, ದೋಸೆ ತಿಂತಾ."