ಕೊತ್ತಂಬರಿ ಕಟ್ಟು ಕಾಣುತ್ತೆ, ಟಿಪ್ಪರ್ ಕಾಣಲ್ಲ

ಮೊನ್ನೆ ಮೊಬೈಲಿಗೆ ಒಂದು ಫೋಟೊ ಬಂತು. ನನ್ನದೇ ಸ್ಕೂಟರ್, ನನ್ನದೇ ಬೆನ್ನು. ಮುಂದಿನ ಚಕ್ರ ಸ್ಟಾಪ್ ಲೈನಿಗಿಂತ ನಾಲ್ಕು ಬೆರಳು ಮುಂದೆ ಹೋಗಿದೆ, ದಂಡ ಕಟ್ಟಿ ಅಂತ. ಫೋಟೊ ಎಷ್ಟು ಚೆನ್ನಾಗಿದೆ ಅಂದರೆ ಶರ್ಟಿನ ಸುಕ್ಕು ಎಣಿಸಬಹುದು. ಪಕ್ಕದಲ್ಲೇ ಒಂದು ಟಿಪ್ಪರ್ ನಿಂತಿದೆ, ಸ್ಟಾಪ್ ಲೈನ್ ದಾಟಿ, ಜೀಬ್ರಾ ಪಟ್ಟೆಯನ್ನು ಪೂರ್ತಿ ನುಂಗಿಕೊಂಡು. ನಂಬರ್ ಪ್ಲೇಟ್ ಇಲ್ಲ ಅನ್ನೋ ಹಾಗಿಲ್ಲ, ಇದೆ. ಅದರ ಮೇಲೆ ಎಂ-ಸ್ಯಾಂಡಿನ ಕೆಸರು ಒಣಗಿ ಗಾರೆಯಾಗಿದೆ ಅಷ್ಟೆ. 'ಕೆಎ' ಅನ್ನೋವರೆಗೆ ಓದಬಹುದು. ಮುಂದಿನದು ಭಗವಂತನಿಗೆ ಗೊತ್ತು. ಸಾರಿಗೆ ಇಲಾಖೆಗೂ ಗೊತ್ತಿರಬಹುದು, ಹೇಳಲ್ಲ.

ಭಾರಿ ವಾಹನಗಳ ತೆರಿಗೆ ಬಾಕಿ ಮೇಲೆ ಸರ್ಕಾರ ಹದ್ದಿನ ಕಣ್ಣಿಟ್ಟಿದೆ ಅಂತ ಪೇಪರಿನಲ್ಲಿ ಆಗಾಗ ಓದುತ್ತಿರುತ್ತೀರಿ. ಹದ್ದಿನ ಕಣ್ಣು ಅನ್ನೋದು ಸರಿಯಾದ ಮಾತೇ. ಹದ್ದಿಗೆ ಕೋಳಿಮರಿ ಕಾಣುತ್ತೆ. ಅದು ಆನೆಯನ್ನು ಎತ್ತಿಕೊಂಡು ಹೋದದ್ದನ್ನು ಯಾರಾದರೂ ಕೇಳಿದ್ದೀರಾ?

ಕಾನೂನಿಗೇನೂ ಬರವಿಲ್ಲ. ಮೋಟಾರು ವಾಹನ ತೆರಿಗೆ ಕಾಯ್ದೆ 1957ರಷ್ಟು ಹಳೇದು, ರಾಜ್ಯಕ್ಕೆ ಇನ್ನೂ ಮೈಸೂರು ಅಂತ ಹೆಸರಿದ್ದಾಗಿನದು. ಕಾರು, ಸ್ಕೂಟರ್ ಕೊಂಡವರಿಗೆ ಶೋರೂಮಿನಲ್ಲೇ ಜೀವಾವಧಿ ತೆರಿಗೆ (ಜೀವಾವಧಿ ಶಿಕ್ಷೆ ಅಂತಲೇ ನನ್ನ ಬಾಯಿಗೆ ಬರೋದು). ದೊಡ್ಡ ಲಾರಿಗಾದರೆ ಮೂರು ತಿಂಗಳಿಗೊಮ್ಮೆ, ಅವರ ಬಾಯಲ್ಲಿ ಕ್ವಾರ್ಟರ್. ಕ್ವಾರ್ಟರ್ ಅಂದ ಕೂಡಲೇ ನಿಮಗೆ ನೆನಪಾದದ್ದು ಅಬಕಾರಿ ಇಲಾಖೆಗೆ ಸೇರಿದ್ದು, ಅದರ ವಸೂಲಿಯಲ್ಲಿ ಯಾವ ಲೋಪವೂ ಇಲ್ಲ. ಗಾಡಿಗೆ ಎಂಟು ವರ್ಷ ಆಗೋ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಗಾಡಿ ಓಡೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟು, ಆಮೇಲೆ ವರ್ಷಾವರ್ಷ. ಟ್ಯಾಕ್ಸ್ ಬಾಕಿ ಇದ್ದರೆ ಎಫ್‌ಸಿ ಇಲ್ಲ. ಎಲ್ಲ ಕಂಪ್ಯೂಟರಿನಲ್ಲೇ ಇದೆ. ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ಕುಯ್ಯಂದರೆ ಯಾವ ಗಾಡಿ ಎಷ್ಟು ಹೊತ್ತಿಗೆ ಎಲ್ಲಿತ್ತು ಅನ್ನೋದೂ ಬರೆದಿಟ್ಟಿರುತ್ತೆ.

ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ. ಒಂದೇ ಲಾರಿ, ಮಾಲೀಕರೂ ಅವರೇ, ಡ್ರೈವರೂ ಅವರೇ. ಯಶವಂತಪುರದ ಯಾರ್ಡಿಗೆ ಈರುಳ್ಳಿ ಹೊಡೆಯುತ್ತಾರೆ. ಟ್ಯಾಕ್ಸ್, ಇನ್ಶೂರೆನ್ಸ್, ಪರ್ಮಿಟ್, ಎಫ್‌ಸಿ, ಹೊಗೆ ತಪಾಸಣೆ ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರನ್ನು ದೇವರ ಫೋಟೊ ಹಿಂದೆ ಸಿಕ್ಕಿಸಿದ್ದಾರೆ. ಆದರೂ ತಿಂಗಳಿಗೆ ಎರಡು ಸಲ ಅವರನ್ನೇ ಪಕ್ಕಕ್ಕೆ ಹಾಕಿಸುತ್ತಾರಂತೆ. "ನಮ್ದು ಒಂದೇ ಗಾಡಿ ಅಲ್ವಾ ಸಾರ್, ಅದಕ್ಕೇ ಎಲ್ಲರ ಕಣ್ಣಿಗೂ ಬೀಳ್ತೀವಿ. ಇಪ್ಪತ್ತು ಗಾಡಿ ಇದ್ದಿದ್ರೆ ಒಂದೂ ಕಾಣ್ತಿರ್ಲಿಲ್ಲ" ಅಂದರು. 2025ರ ಏಪ್ರಿಲ್‌ನಲ್ಲಿ ಲಾರಿ ಮುಷ್ಕರ ಆಯಿತಲ್ಲ, ಗಡಿಯ ಆರ್‌ಟಿಒ ಚೆಕ್‌ಪೋಸ್ಟ್ ಮುಚ್ಚಿ ಅನ್ನೋದೂ ಬೇಡಿಕೆಗಳಲ್ಲಿ ಒಂದಾಗಿತ್ತು. ಕಟ್ಟದವನು ಕೇಳಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಕಟ್ಟಿದವರೇ ಕೇಳಿದರು.

ಇಲಾಖೆ ಕೈ ಕಟ್ಟಿ ಕೂತಿದೆ ಅಂದರೆ ಪಾಪ ಬರುತ್ತೆ. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಕೆಂಪು ಫೆರಾರಿಯನ್ನು ಹಿಡಿದು 1.42 ಕೋಟಿ ಕಟ್ಟಿಸಿಕೊಂಡರು. ಶಹಬ್ಬಾಸ್! ನಾನೂ ಆ ಫೋಟೊ ಮೂರು ಗ್ರೂಪಿಗೆ ಕಳಿಸಿದ್ದೆ. ನೆಲಕ್ಕೆ ಅಂಟಿಕೊಂಡ ಹಾಗಿರುವ ಗಾಡಿ, ನಮ್ಮ ಏರಿಯಾದ ಗುಂಡಿಗೆ ಇಳಿದರೆ ಬರೀ ಆಂಟೆನಾ ಕಾಣಬೇಕು, ಅಂಥದ್ದನ್ನು ಹುಡುಕಿದ್ದಾರೆ. ಅದೇ ಬೆಂಗಳೂರಿನಲ್ಲಿ ರಾತ್ರಿ ಒಂಬತ್ತಾದರೆ ಆನಂದರಾವ್ ವೃತ್ತದಿಂದ ಕಲಾಸಿಪಾಳ್ಯದವರೆಗೆ ಎನ್‌ಎಲ್ ನಂಬರಿನ ಸ್ಲೀಪರ್ ಬಸ್ಸುಗಳು ನಿಂತಿರುತ್ತವೆ. ಎನ್‌ಎಲ್ ಅಂದರೆ ನೆಲಮಂಗಲ ಅಂದುಕೊಂಡಿದ್ದೆ. ನಾಗಾಲ್ಯಾಂಡ್ ಅಂತೆ. ಮೂರು ಸಾವಿರ ಕಿಲೋಮೀಟರ್ ಆಚೆ. ಅಲ್ಲಿ ತೆರಿಗೆ ಕಮ್ಮಿ.

ಲಗೇಜ್ ತುಂಬುತ್ತಿದ್ದ ಹುಡುಗನನ್ನು ಕೇಳಿದೆ: "ನಾಗಾಲ್ಯಾಂಡ್‌ಗೆ ಹೋಗಿದ್ದೀಯೇನಪ್ಪಾ?"

"ನಾಗಮಂಗಲಕ್ಕೆ ಹೋಗಿದ್ದೀನಿ ಸಾರ್. ನಮ್ಮ ದೊಡ್ಡಮ್ಮನ ಊರು."

ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳು ಮೀರಿ ಇಲ್ಲೇ ಇದ್ದರೆ ಇಲ್ಲಿನ ನಂಬರ್ ಹಾಕಿಸಬೇಕು ಅನ್ನುತ್ತೆ ಕಾಯ್ದೆ. ಆದರೆ ಬಸ್ಸು ದಿನಾ ರಾತ್ರಿ ಹೈದರಾಬಾದಿಗೆ ಹೋಗಿ ಬರುತ್ತಲ್ಲ, ಹನ್ನೆರಡು ತಿಂಗಳು ಒಂದೇ ಕಡೆ ಎಲ್ಲಿ ನಿಂತಿತು? ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಬೇರೆ ಇದೆ. ದಿನಾ ಅದೇ ಹೊತ್ತಿಗೆ, ಅದೇ ಊರಿಗೆ, ಸೀಟಿಗಿಷ್ಟು ಅಂತ ಟಿಕೆಟ್ ಹರಿದು ಹೋಗೋದಕ್ಕೆ ಪ್ರವಾಸ ಅಂತ ಹೆಸರು. ಸೋಮವಾರ ಬೆಳಗ್ಗೆ ಸಿಲ್ಕ್ ಬೋರ್ಡ್ ದಾಟುವ ನಾನೂ ಹಾಗಾದರೆ ಯಾತ್ರಿಕನೇ.

ಟ್ರಾಫಿಕ್ ದಂಡಕ್ಕೆ 2023ರಲ್ಲಿ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರು, 2025ರಲ್ಲಿ ಮತ್ತೆ ಕೊಟ್ಟರು. ಆಷಾಢದ ಸೀರೆ ಸೇಲ್ ಥರ. ಕೂಡಲೇ ಕಟ್ಟಿದವನು ಪೂರ್ತಿ ಕಟ್ಟಿದ, ಬಚ್ಚಿಟ್ಟುಕೊಂಡವನಿಗೆ ಅರ್ಧ ಬೆಲೆ. ನಾನು ಕೂಡಲೇ ಕಟ್ಟಿದವನು, ಮನೆಯಲ್ಲಿ ಈಗಲೂ ಬೈಸಿಕೊಳ್ಳುತ್ತೇನೆ.

ಇದೆಲ್ಲ ಬರೀ ದುಡ್ಡಿನ ಲೆಕ್ಕವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ತೆರಿಗೆ ಕಟ್ಟದ ಗಾಡಿ ಎಫ್‌ಸಿಗೆ ಹೋಗಲ್ಲ. ಎಫ್‌ಸಿಗೆ ಹೋಗದ ಗಾಡಿಯ ಬ್ರೇಕನ್ನು ಯಾರೂ ಒತ್ತಿ ನೋಡಿರಲ್ಲ. ಅದು ಬೆಳಗ್ಗೆ ಏಳೂವರೆಗೆ, ಮಗುವನ್ನು ಸ್ಕೂಲಿಗೆ ಬಿಡಲು ಹೊರಟ ಹೆಂಗಸಿನ ಸ್ಕೂಟಿ ಪಕ್ಕದಲ್ಲೇ ಎಡಕ್ಕೆ ತಿರುಗುತ್ತೆ. ಆಮೇಲೆ ಮಹಜರು. ಆಗ ಎಲ್ಲ ದಾಖಲೆಯೂ ಹೊರಗೆ ಬರುತ್ತೆ: ತೆರಿಗೆ ಬಾಕಿ, ಎಫ್‌ಸಿ ಮುಗಿದು ಇಷ್ಟು ದಿನ. ವಿಮೆ ಕಂಪನಿ ಅದನ್ನೇ ಹಿಡಿದು ಕೋರ್ಟಿನಲ್ಲಿ ತಕರಾರು ತೆಗೆಯುತ್ತೆ, ಸತ್ತವರ ಮನೆಯವರು ವರ್ಷಗಟ್ಟಲೆ ಅಲೆಯುತ್ತಾರೆ. ಸತ್ತ ಮೇಲೆ ಹತ್ತು ನಿಮಿಷದಲ್ಲಿ ಗೊತ್ತಾಗೋದು ಹಿಂದಿನ ದಿನ ಯಾಕೆ ಗೊತ್ತಾಗಲ್ಲ? ಅದೇನು ಸೂಜಿಯೇ? ಹತ್ತಾರು ಟನ್ ಗಾಡಿ, ಬೀದಿಗೆ ಬಂದರೆ ಅಡುಗೆಮನೆಯ ಪಾತ್ರೆ ಅಲುಗುತ್ತೆ. ಬರೆದು ಬರೆದು ಸಾಕಾಗಿದೆ.

ಕಣ್ಣು ಮಂಜಾಗಿದೆ ಅನ್ನೋಣ ಅಂದರೆ ಹಾವೇರಿಯ ತರಕಾರಿ ವ್ಯಾಪಾರಿಯ ಯುಪಿಐ ಲೆಕ್ಕ ನೋಡಿ 29 ಲಕ್ಷಕ್ಕೆ ಜಿಎಸ್‌ಟಿ ನೋಟಿಸ್ ಕಳಿಸಿದ್ದರು. ಇಲಾಖೆ ಬೇರೆ, ಬೊಕ್ಕಸ ಒಂದೇ. ಕೊತ್ತಂಬರಿ ಕಟ್ಟು ಲೆಕ್ಕಕ್ಕೆ ಸಿಕ್ಕಿತು. 2024ರ ಮಾರ್ಚ್‌ನಲ್ಲಿ ಊರೆಲ್ಲ ನೀರಿಲ್ಲದೆ ಬಾಯಿಬಿಟ್ಟಾಗ ಸರ್ಕಾರವೇ ಹೇಳಿದ್ದು: ನಗರದಲ್ಲಿ 3,500 ಟ್ಯಾಂಕರ್, ನೋಂದಾಯಿಸಿಕೊಂಡದ್ದು 219. ನೂರಕ್ಕೆ ಆರು. ವಶಪಡಿಸಿಕೊಳ್ಳುತ್ತೇವೆ ಅಂದರು, 12,000 ಲೀಟರಿಗೆ ಐದು ಕಿಲೋಮೀಟರ್ ಒಳಗೆ ಸಾವಿರ ರೂಪಾಯಿ ಅಂತ ದರವನ್ನೂ ಕಟ್ಟಿದರು.

ಮೊನ್ನೆ ಶನಿವಾರ ನಮ್ಮ ಅಪಾರ್ಟ್‌ಮೆಂಟಿನ ಸಂಪು ಒಣಗಿತು. ಟ್ಯಾಂಕರ್ ಬಂತು. ಹಿಂದಿನ ಪ್ಲೇಟಿನ ಮೇಲೆ ಅದೇ ಗಾರೆ. ನಾನೇ ಗೇಟು ತೆರೆದೆ, ನಾನೇ ಹಿಂದೆ ನಿಂತು "ಬರ್ಲಿ, ಬರ್ಲಿ, ಲೆಫ್ಟ್ ಕಟ್ ಮಾಡಿ" ಅಂದೆ. ನೀರು ಬಿಟ್ಟು ಮುಗಿದ ಮೇಲೆ ಫೋನ್ ತೆಗೆದು ಸ್ಕ್ಯಾನರ್ ಎಲ್ಲಿ ಅಂತ ಕೇಳಿದೆ.

"ಬೇಡ ಸಾರ್, ಕ್ಯಾಶೇ ಕೊಡಿ" ಅಂದ. "ಯುಪಿಐ ಆದ್ರೆ ನೋಟಿಸ್ ಬರುತ್ತಂತೆ."