ಬಾಕ್ಸಿನ ಮೇಲೆ ಕೂತು

ಜಗತ್ತನ್ನು ಉಳಿಸುವ ಕೆಲಸ ನನಗೆ ಆಗಿಬರುವುದಿಲ್ಲ. ವಿಡಿಯೋ ಗೇಮ್ ಶುರುವಾಗುತ್ತಿದ್ದ ಹಾಗೇ ಯಾರೋ ಗಡ್ಡದ ಮುದುಕ ಬಂದು "ಇನ್ನು ನೀನೇ ನಮಗೆ ದಿಕ್ಕು" ಅಂದರೆ ಆಕಳಿಕೆ ಬರುತ್ತದೆ. ಪಾಪ, ನಾನು ಹೋದ ತಿಂಗಳ ಕರೆಂಟ್ ಬಿಲ್ಲೇ ಕಟ್ಟಿಲ್ಲ ಅಂತ ಅವನಿಗೇನು ಗೊತ್ತು! ಅತ್ತ ಊರು ಹೊತ್ತಿ ಉರಿಯುತ್ತಿದ್ದರೆ ಇತ್ತ ನಾನು ಕೆರೆ ದಂಡೆಯಲ್ಲಿ ಗಾಳ ಹಾಕಿ ಕೂತಿರುತ್ತೇನೆ. ರಾಕ್ಷಸ ಎಷ್ಟು ದಿನ ಬೇಕಾದರೂ ಕಾಯುತ್ತಾನೆ ಬಿಡಿ, ಅವನಿಗೂ ಬೇರೆ ಕೆಲಸವಿಲ್ಲ.

ನನಗೆ ಮನೆಗೆಲಸದ ಆಟಗಳೇ ಇಷ್ಟ. ಆಟದಲ್ಲಿ ಮಾತ್ರ. 2022ರಲ್ಲಿ ಪವರ್‌ವಾಶ್ ಸಿಮ್ಯುಲೇಟರ್ ಬಂತು. ಪೈಪ್ ಹಿಡಿದು ಕೊಳೆ ತೊಳೆಯುವುದೇ ಅದರ ಆಟ. ಒಂದು ದಿನ ಯಾರದೋ ವ್ಯಾನ್ ತೊಳೆಯುತ್ತಾ, ನೀರಿನ ಸದ್ದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರಲ್ಲ ಅಂತ ಮೆಚ್ಚಿಕೊಂಡೆ. ಕಾಲು ಒದ್ದೆಯಾದ ಮೇಲೇ ಗೊತ್ತಾದದ್ದು, ಬಚ್ಚಲಮನೆಯ ನಲ್ಲಿ ನಿಲ್ಲಿಸಿರಲಿಲ್ಲ.

ಆದರೆ ಕಥೆ ಅಂದರೆ 2021ರ ಅನ್‌ಪ್ಯಾಕಿಂಗ್. ಒಬ್ಬಳು ಮನೆ ಬದಲಾಯಿಸುತ್ತಾಳೆ, ನಾವು ಅವಳ ಬಾಕ್ಸ್ ಬಿಚ್ಚಿ ಸಾಮಾನು ಜೋಡಿಸಬೇಕು. ಅಷ್ಟೇ. 1997ರ ಪುಟ್ಟ ಕೋಣೆಯಿಂದ 2018ರ ಮನೆಯವರೆಗೆ ಎಂಟು ಸಲ. ಮಲಗುವ ಕೋಣೆಯ ಬಾಕ್ಸಿನಿಂದ ಅಡುಗೆ ಪಾತ್ರೆ ಬರುತ್ತದೆ, ನಮ್ಮೆಲ್ಲರ ಮನೆಯ ಹಾಗೇ. ತಪ್ಪು ಜಾಗದಲ್ಲಿಟ್ಟರೆ ಸಾಮಾನಿನ ಸುತ್ತ ಕೆಂಪು ಗೆರೆ. 2010ರಲ್ಲಿ ಗೆಳೆಯನ ಮನೆಗೆ ಬರುತ್ತಾಳೆ. ಅಲ್ಲಿ ಎಲ್ಲೆಲ್ಲೂ ಅವನದೇ ಸಾಮಾನು. ಇವಳ ಡಿಗ್ರಿ ಸರ್ಟಿಫಿಕೇಟನ್ನು ಎಲ್ಲಿಟ್ಟರೂ ಕೆಂಪು ಗೆರೆ. ಕೊನೆಗೆ ಮಂಚದ ಕೆಳಗೆ ತಳ್ಳಿದರೆ ಗೆರೆ ಮಾಯ! ಆ ಹುಡುಗನ ಮೇಲೆ ನನಗೆ ಅವತ್ತೇ ನಂಬಿಕೆ ಹೋಯಿತು. 2012ರಲ್ಲಿ ಅವಳು ಮತ್ತೆ ತನ್ನ ಹಳೇ ಕೋಣೆಗೆ ವಾಪಸ್. ಏನಾಯಿತು ಅಂತ ಯಾರೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಅಲ್ವಾ?

ಅಲ್ಲಿ ನಾನು ಕಣ್ಣೊರೆಸಿಕೊಳ್ಳುತ್ತಿದ್ದಾಗ ಅಕ್ಕ ಬಂದಳು.

"ಏನೋ ಮಾಡ್ತಿದ್ದೀಯ?"

"ಸುಮ್ನಿರಕ್ಕಾ, ಪುಸ್ತಕ ಜೋಡಿಸ್ತಿದ್ದೀನಿ."

"ಕೂತಿರೋದು ಯಾವುದರ ಮೇಲೆ, ನೋಡ್ಕೋ."

ಎದ್ದು ನೋಡಿದೆ. ರಟ್ಟಿನ ಬಾಕ್ಸು. ಮೇಲೆ 'ಪುಸ್ತಕಗಳು' ಅಂತ ನನ್ನದೇ ಅಕ್ಷರ. ನಾನು ಈ ಮನೆಗೆ ಬಂದು ಎಂಟು ತಿಂಗಳಾಗಿತ್ತು.

ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತೇ ಇದ್ದಳು, ಬಿಚ್ಚದೆ ವಿಧಿಯಿರಲಿಲ್ಲ. ಒಳಗೆ ಪುಸ್ತಕ ಎರಡೇ. ಉಳಿದದ್ದು ಮೂರು ಚಾರ್ಜರು, ಒಂಟಿ ಚಪ್ಪಲಿ, ಹೋದ ಚಳಿಗಾಲವೆಲ್ಲ ಹುಡುಕಿದ ಸ್ವೆಟರು. ತಳದಲ್ಲಿ ನನ್ನ ಡಿಗ್ರಿ ಸರ್ಟಿಫಿಕೇಟು, ಫ್ರೇಮ್ ಸಮೇತ. ಗೋಡೆಗೆ ಹಿಡಿದೆ, ಮೊಳೆಯಿಲ್ಲ. ಶೆಲ್ಫಿನಲ್ಲಿಟ್ಟೆ, ಜಾರಿತು. ಅಕ್ಕ ಅತ್ತ ತಿರುಗಿದ್ದೇ ತಡ, ಮಂಚದ ಕೆಳಗೆ ತಳ್ಳೋಣ ಅಂತ ಬಗ್ಗಿದೆ.

ಜಾಗವಿರಲಿಲ್ಲ. ಅಲ್ಲಿ ಇನ್ನೂ ಎರಡು ಬಾಕ್ಸ್ ಇದ್ದವು.